ಓದುಗರ ಪ್ರಶ್ನೆ: ಲೇಸರ್ ಕನ್ನಡಿ ಓಡುವುದು ಸುಲಭ, ನಿಲ್ಲುವುದೇ ಕಷ್ಟ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಲೇಸರ್ ಸ್ಕ್ಯಾನಿಂಗ್ ಬಗ್ಗೆಯೇ. ಲೇಸರ್ ಕಿರಣವನ್ನು ಅತ್ತಿತ್ತ ಓಡಿಸುವ ಪುಟ್ಟ ಕನ್ನಡಿ ಇರುತ್ತದಲ್ಲ, ಅದು ಮತ್ತು ಅದನ್ನು ತಿರುಗಿಸುವ ಪುಟ್ಟ ಮೋಟಾರು. ವರ್ಕ್‌ಶಾಪಿನವರು ಕೇಳಿದ್ದಾರೆ, ವಿದ್ಯಾರ್ಥಿಗಳು ಕೇಳಿದ್ದಾರೆ, ಕಣ್ಣಿನ ಆಪರೇಷನ್‌ಗೆ ಹೆದರಿ ಒಬ್ಬರು ಕೇಳಿದ್ದಾರೆ. ಒಂದೇ ಥರದವನ್ನು ಒಟ್ಟು ಮಾಡಿ ಉತ್ತರ ಬರೆದಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ನಮ್ಮದು ಸಣ್ಣ ಜಾಬ್ ವರ್ಕ್ ಶಾಪು ಸಾರ್. 20 ವಾಟ್ ಫೈಬರ್ ಲೇಸರ್ ಮಾರ್ಕಿಂಗ್ ಮೆಷಿನ್ ಇದೆ, ಸ್ಟೀಲ್ ಪ್ಲೇಟಿನ ಮೇಲೆ ಪಾರ್ಟ್ ನಂಬರ್ ಹೊಡೆಯುತ್ತೇವೆ. ನಿಧಾನ ಹೊಡೆದರೆ ಚೆನ್ನಾಗಿ ಬರುತ್ತದೆ. ಸ್ಪೀಡ್ ಏರಿಸಿದ ತಕ್ಷಣ ಅಕ್ಷರದ ಮೂಲೆ ದುಂಡಗಾಗುತ್ತದೆ, ಗೆರೆ ಶುರುವಾಗುವ ಕಡೆ ಕಪ್ಪು ಚುಕ್ಕೆ ಬೀಳುತ್ತದೆ. ಸರ್ವಿಸಿನವರು ಸ್ಕ್ಯಾನ್ ಹೆಡ್ಡೇ ಬದಲಾಯಿಸಿ ಅಂತಾರೆ. ಬದಲಾಯಿಸಬೇಕಾ? (ಪೀಣ್ಯ, ಬೆಂಗಳೂರು)

ಉತ್ತರ: ಸದ್ಯಕ್ಕೆ ದುಡ್ಡು ಬಿಚ್ಚಬೇಡಿ. ನೀವು ಹೇಳಿದ ಎರಡೂ ಲಕ್ಷಣ ನೋಡಿದರೆ ಹೆಡ್ ಕೆಟ್ಟಿರುವುದಕ್ಕಿಂತ ಡಿಲೇ ಸೆಟ್ಟಿಂಗ್ ಸರಿಯಿಲ್ಲದಿರುವ ಸಾಧ್ಯತೆಯೇ ಜಾಸ್ತಿ.

ಹೆಡ್ಡಿನ ಒಳಗೆ ಎರಡು ಗ್ಯಾಲ್ವೋ ಇರುತ್ತವೆ. ಒಂದು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಗ್ಯಾಲ್ವೋ ಅಂದರೆ ಪೂರ್ತಿ ಸುತ್ತು ತಿರುಗದೆ ಕೆಲವೇ ಡಿಗ್ರಿ ಅತ್ತಿತ್ತ ತಿರುಗುವ ಮೋಟಾರು, ಅದರ ಶಾಫ್ಟಿನ ತುದಿಗೆ ಕನ್ನಡಿ ಅಂಟಿಸಿರುತ್ತಾರೆ. ಕಂಟ್ರೋಲ್ ಕಾರ್ಡು ಸಾಮಾನ್ಯವಾಗಿ 10 ಮೈಕ್ರೊಸೆಕೆಂಡಿಗೊಮ್ಮೆ ಹೊಸ ಜಾಗ ಹೇಳುತ್ತಾ ಹೋಗುತ್ತದೆ. ಕನ್ನಡಿಗೆ ತೂಕ ಇದೆ ಅಲ್ವಾ, ಅದು ಹೇಳಿದ ಕ್ಷಣಕ್ಕೇ ಅಲ್ಲಿರುವುದಿಲ್ಲ, ಸದಾ ಸ್ವಲ್ಪ ಹಿಂದೆ ಬಿದ್ದಿರುತ್ತದೆ. ಈ ತಡ ಕಾಲು ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 200 ಮಿ.ಮೀ. ವೇಗದಲ್ಲಿ ಹೊಡೆದರೆ ಕನ್ನಡಿ 0.05 ಮಿ.ಮೀ. ಹಿಂದಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನೇ 2000 ಮಿ.ಮೀ. ಮಾಡಿದರೆ ಅರ್ಧ ಮಿ.ಮೀ. ಹಿಂದೆ! 2 ಮಿ.ಮೀ. ಎತ್ತರದ ಅಕ್ಷರದಲ್ಲಿ ಅರ್ಧ ಮಿ.ಮೀ. ಅಂದರೆ ಕಾಲು ಭಾಗ. ಮೂಲೆ ಮುಟ್ಟಲು ಇನ್ನೂ ಅರ್ಧ ಮಿ.ಮೀ. ಇರುವಾಗಲೇ ಕಾರ್ಡು 'ಈಗ ಬಲಕ್ಕೆ' ಅನ್ನುತ್ತದೆ, ಕನ್ನಡಿ ಮೂಲೆಗೆ ಹೋಗದೆ ಒಳಗಿನಿಂದಲೇ ತಿರುಗಿಬಿಡುತ್ತದೆ. ಅದಕ್ಕೇ ದುಂಡಗೆ ಕಾಣುವುದು.

ಇದನ್ನು ಸರಿಮಾಡಲೆಂದೇ ಮಾರ್ಕಿಂಗ್ ಸಾಫ್ಟ್‌ವೇರಿನಲ್ಲಿ ನಾಲ್ಕೈದು ಡಿಲೇ ಕೊಟ್ಟಿರುತ್ತಾರೆ. ಕೆಲವದರಲ್ಲಿ ಅದಕ್ಕೆ ಟಿಸಿ ಅಂತ ಹೆಸರು. ಲೇಸರ್ ಆನ್ ಡಿಲೇ ಕಡಿಮೆ ಇದ್ದರೆ ಕನ್ನಡಿ ವೇಗ ಹಿಡಿಯುವ ಮೊದಲೇ ಲೇಸರ್ ಹತ್ತಿಕೊಂಡು ಅದೇ ಜಾಗ ಸುಡುತ್ತದೆ. ನಿಮ್ಮ ಕಪ್ಪು ಚುಕ್ಕೆ ಅದೇ. ಜಾಸ್ತಿ ಆದರೆ ಗೆರೆಯ ತಲೆ ಹಾರಿಹೋಗುತ್ತದೆ. ಲೇಸರ್ ಆಫ್ ಡಿಲೇ ಇದರ ಉಲ್ಟಾ: ಕಡಿಮೆ ಇದ್ದರೆ ಗೆರೆಯ ಬಾಲ ಕತ್ತರಿಸುತ್ತದೆ, ಜಾಸ್ತಿ ಇದ್ದರೆ ಬಾಲದಲ್ಲಿ ಚುಕ್ಕೆ. ಮೂಲೆಗಳಿಗೆ ಬೇರೆ ಡಿಲೇ ಇದೆ, ಪಾಲಿಗನ್ ಅಂತಲೋ ಕಾರ್ನರ್ ಅಂತಲೋ ಬರೆದಿರುತ್ತದೆ. ಅದು ಕಡಿಮೆ ಇದ್ದರೆ ಮೂಲೆ ದುಂಡಗೆ, ಜಾಸ್ತಿ ಇದ್ದರೆ ಮೂಲೆ ಕಪ್ಪಗೆ. ಜಂಪ್ ಡಿಲೇ ಒಂದೇ ಪಾಪದ್ದು, ಜಾಸ್ತಿ ಇಟ್ಟರೆ ಟೈಮು ಹಾಳು ಅಷ್ಟೇ. ಕಡಿಮೆ ಇಟ್ಟರೆ ಮಾತ್ರ ಹಾರಿ ಬಂದ ಕನ್ನಡಿ ಇನ್ನೂ ಅಲುಗಾಡುತ್ತಿರುವಾಗಲೇ ಗೆರೆ ಶುರುವಾಗಿ ಮೊದಲ ತುಣುಕು ಅಂಕುಡೊಂಕಾಗುತ್ತದೆ.

ಒಂದು ಸ್ಕ್ರ್ಯಾಪ್ ಪ್ಲೇಟ್ ತೆಗೆದುಕೊಳ್ಳಿ. ನಿಮ್ಮ ಕೆಲಸದ ವೇಗದಲ್ಲೇ ಅಕ್ಕಪಕ್ಕ ಸಣ್ಣ ಚೌಕಗಳನ್ನು ಹೊಡೆಯಿರಿ. ಒಂದು ಸಲಕ್ಕೆ ಒಂದೇ ಡಿಲೇ, ಅದೂ 20–30 ಮೈಕ್ರೊಸೆಕೆಂಡಿನಷ್ಟು ಮಾತ್ರ ಬದಲಾಯಿಸಿ, ಭೂತಗನ್ನಡಿಯಲ್ಲಿ ಮೂಲೆ ನೋಡಿ. ಎಲ್ಲ ಡಿಲೇ ಸರಿಯಿದ್ದೂ ಒಂದೇ ದಿಕ್ಕಿನ ಗೆರೆಗಳು ಅಲೆಅಲೆಯಾಗಿ ಬಂದರೆ ಆಗ ಹೆಡ್ಡನ್ನು ಅನುಮಾನಿಸಿ. ಕನ್ನಡಿಯ ಅಂಟು ಬಿಟ್ಟಿರಬಹುದು, ಡ್ರೈವರ್ ಬೋರ್ಡಿನ ಟ್ಯೂನಿಂಗ್ ಹೋಗಿರಬಹುದು. ಇಷ್ಟೆಲ್ಲ ಮಾಡುವಾಗ ಕನ್ನಡಕ ಹಾಕಿಕೊಳ್ಳಿ, 1064 ನ್ಯಾನೊಮೀಟರ್‌ಗೆ ಅಂತಲೇ ಸಿಗುವ ಕನ್ನಡಕ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಸುಡುತ್ತದೆ.

ಪ್ರಶ್ನೆ: ಡಿಪ್ಲೊಮಾ ಕೊನೆಯ ವರ್ಷ. ಪ್ರಾಜೆಕ್ಟಿಗೆ ಲೇಸರ್ ಸ್ಕ್ಯಾನರ್ ಮಾಡುತ್ತಿದ್ದೇವೆ. ಗ್ಯಾಲ್ವೋ ಬದಲು ಸ್ಟೆಪ್ಪರ್ ಮೋಟಾರಿಗೇ ಕನ್ನಡಿ ಕಟ್ಟಿದರೆ ಆಗಲ್ವಾ? ಗ್ಯಾಲ್ವೋದಲ್ಲಿ ಅಂಥದ್ದೇನಿದೆ? (ಹಾಸನ)

ಉತ್ತರ: ಲೆಕ್ಕ ಹಾಕಿ ನೋಡೋಣ. ಮಾಮೂಲಿ ಸ್ಟೆಪ್ಪರ್ ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ಮೈಕ್ರೊಸ್ಟೆಪ್ಪಿಂಗ್ ಹಾಕಿ 16 ಭಾಗ ಮಾಡಿದಿರಿ, 0.1125 ಡಿಗ್ರಿ ಆಯಿತು. ಕನ್ನಡಿ ಎಷ್ಟು ತಿರುಗುತ್ತದೋ ಕಿರಣ ಅದರ ಎರಡರಷ್ಟು ತಿರುಗುತ್ತದೆ, ಹಾಗಾಗಿ ಕಿರಣದ ಹೆಜ್ಜೆ 0.225 ಡಿಗ್ರಿ. 160 ಮಿ.ಮೀ. ಫೋಕಲ್ ದೂರದ ಲೆನ್ಸ್ ಕೆಳಗೆ ಅದು ಸುಮಾರು 0.63 ಮಿ.ಮೀ. ಹಾರಿ ಹಾರಿ ಬೀಳುತ್ತದೆ. ಇದಕ್ಕೆದುರು ಗ್ಯಾಲ್ವೋ ಹೆಡ್ಡಿಗೆ 16 ಬಿಟ್ಟಿನ ಸೂಚನೆ ಹೋಗುತ್ತದೆ, ಅಂದರೆ 110 ಮಿ.ಮೀ. ಜಾಗವನ್ನು 65,536 ಭಾಗ ಮಾಡಿ, ಒಂದೊಂದು ಭಾಗ 1.7 ಮೈಕ್ರಾನ್, ಅಂದರೆ 0.0017 ಮಿ.ಮೀ. ಅಷ್ಟು ನಿಖರವಾಗಿ ಪ್ರತಿ ಸಲ ನಿಲ್ಲುತ್ತದೆ ಅಂತೇನಲ್ಲ, ಆದರೂ ವ್ಯತ್ಯಾಸ ಎಷ್ಟಿದೆ ನೋಡಿ.

ಒಳಗೆ ಇರುವುದು ತುಂಬ ಸರಳ. ಶಾಫ್ಟಿನ ನಡುವೆ ಪೆನ್ಸಿಲಿಗಿಂತ ತೆಳ್ಳಗಿನ ಒಂದು ನಿಯೋಡೈಮಿಯಂ ಅಯಸ್ಕಾಂತ. ಅದರ ಸುತ್ತ ಕಬ್ಬಿಣದ ಕವಚ, ಕವಚದ ಒಳಗೋಡೆಗೆ ತಾಮ್ರದ ಕಾಯಿಲ್ ಅಂಟಿಸಿರುತ್ತಾರೆ. ಸ್ಟೆಪ್ಪರಿನಲ್ಲಿ ಇರುವಂಥ ಹಲ್ಲುಗಳಿಲ್ಲ. ಹಲ್ಲಿದ್ದರೆ ಅಯಸ್ಕಾಂತ ಅಲ್ಲಲ್ಲಿ ಕಚ್ಚಿಕೊಳ್ಳುತ್ತದೆ, ನಯವಾಗಿ ತಿರುಗುವುದಿಲ್ಲ. ಕರೆಂಟ್ ಹರಿಯುವ ಕಾಯಿಲ್ ಕದಲದೆ ಕವಚಕ್ಕೆ ಅಂಟಿಕೊಂಡೇ ಇರುವುದರಿಂದ ಅದರ ಬಿಸಿ ನೇರವಾಗಿ ಹೊರಗಿನ ಅಲ್ಯೂಮಿನಿಯಂ ಬ್ಲಾಕಿಗೆ ಹೋಗುತ್ತದೆ. ಹಳೆಯ ವಿನ್ಯಾಸಗಳಲ್ಲಿ ಕಾಯಿಲ್ಲೇ ತಿರುಗುತ್ತಿತ್ತು, ಬಿಸಿಗೆ ಹೊರದಾರಿ ಇರುತ್ತಿರಲಿಲ್ಲ. ತಮಾಷೆ ಅಂದರೆ 1858ರಲ್ಲಿ ಅಟ್ಲಾಂಟಿಕ್ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ಲಿನ ಕ್ಷೀಣ ಕರೆಂಟ್ ಹಿಡಿಯಲು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಬಳಸಿದ್ದೂ ಬೆನ್ನಿಗೆ ಅಯಸ್ಕಾಂತ ಅಂಟಿಸಿ ದಾರದಲ್ಲಿ ತೂಗುಬಿಟ್ಟ ಪುಟಾಣಿ ಕನ್ನಡಿಯನ್ನೇ.

ಗ್ಯಾಲ್ವೋದ ನಿಜವಾದ ಬಂಡವಾಳ ಮಾತ್ರ ಹಿಂದಿನ ತುದಿಯಲ್ಲಿದೆ. ಅಲ್ಲೊಂದು ಎಲ್‌ಇಡಿ, ಶಾಫ್ಟಿಗೆ ಸಿಕ್ಕಿಸಿದ ಚಿಟ್ಟೆ ಆಕಾರದ ತೆಳು ರೆಕ್ಕೆ, ಅದರಾಚೆ ನಾಲ್ಕು ಫೋಟೊಡಯೋಡ್. ಶಾಫ್ಟ್ ತಿರುಗಿದಾಗ ರೆಕ್ಕೆಯ ನೆರಳು ಎರಡು ಡಯೋಡಿನ ಮೇಲೆ ಜಾಸ್ತಿ, ಇನ್ನೆರಡರ ಮೇಲೆ ಕಮ್ಮಿ ಬೀಳುತ್ತದೆ. ಆ ವ್ಯತ್ಯಾಸವೇ ಕೋನ. ನಾಲ್ಕರ ಮೊತ್ತ ಬದಲಾಗದಂತೆ ಎಲ್‌ಇಡಿಯ ಬೆಳಕನ್ನು ಸರ್ಕ್ಯೂಟು ಹಿಡಿದಿಡುತ್ತದೆ. ಇದಿಲ್ಲದೆ ನೀವು ಎಷ್ಟು ಒಳ್ಳೆಯ ಮೋಟಾರು ಕಟ್ಟಿದರೂ ಅದು ಸುಮ್ನೆ ಅಲ್ಲಾಡುವ ಕನ್ನಡಿ. ಪ್ರಾಜೆಕ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಮಯವನ್ನು ಈ ಸೆನ್ಸರಿಗೇ ಇಡಿ.

ಪ್ರಶ್ನೆ: ನಮ್ಮ ಕಂಪನಿಗೆ ಸ್ವಂತ ಗ್ಯಾಲ್ವೋ ಡಿಸೈನ್ ಮಾಡುವ ಯೋಚನೆ ಇದೆ. ಚಿಕ್ಕದಾಗಿರಬೇಕು, ವೇಗವಾಗಿರಬೇಕು. ಯಾವ ಮೋಟಾರಿನಿಂದ ಶುರು ಮಾಡಬೇಕು? (ಹುಬ್ಬಳ್ಳಿ)

ಉತ್ತರ: ಮೋಟಾರಿನಿಂದ ಶುರು ಮಾಡಬೇಡಿ. ಕನ್ನಡಿಯಿಂದ ಶುರು ಮಾಡಿ. ಅದಕ್ಕೂ ಮೊದಲು ಪ್ಲೇಟಿನ ಮೇಲೆ ಎಷ್ಟು ಸಣ್ಣ ಚುಕ್ಕೆ ಬೇಕು ಅಂತ ಕೇಳಿಕೊಳ್ಳಿ.

ಚುಕ್ಕೆ ಸಣ್ಣದಾಗಬೇಕೆಂದರೆ ಲೆನ್ಸಿಗೆ ಬೀಳುವ ಕಿರಣ ಅಗಲ ಇರಬೇಕು. ಒಳ್ಳೆಯ ಲೇಸರಿಗೆ ಚುಕ್ಕೆಯ ವ್ಯಾಸ ಹೆಚ್ಚುಕಡಿಮೆ 1.27 × ತರಂಗಾಂತರ × ಫೋಕಲ್ ದೂರ ÷ ಕಿರಣದ ಅಗಲ. ಫೈಬರ್ ಲೇಸರು, 160 ಮಿ.ಮೀ. ಲೆನ್ಸು ಅಂದರೆ 10 ಮಿ.ಮೀ. ಕಿರಣಕ್ಕೆ 22 ಮೈಕ್ರಾನ್, 7 ಮಿ.ಮೀ.ಗೆ 31, 5 ಮಿ.ಮೀ.ಗೆ 43. ನಿಮ್ಮ ಗಿರಾಕಿಗೆ 43 ಸಾಕು ಅಂದರೆ ಅಲ್ಲೇ ಅರ್ಧ ಗೆದ್ದಿರಿ. ಯಾಕೆಂದರೆ ಕನ್ನಡಿಯ ಎಲ್ಲ ಅಳತೆ ಎರಡು ಪಟ್ಟಾದರೆ ತೂಕ 8 ಪಟ್ಟು, ತಿರುಗಿಸಲು ಅಡ್ಡಿಪಡಿಸುವ ಇನರ್ಶಿಯ 32 ಪಟ್ಟು. ಬೇಡದ ಒಂದೊಂದು ಮಿಲಿಮೀಟರಿಗೂ ದಂಡ ಕಟ್ಟಬೇಕು.

10 ಮಿ.ಮೀ. ಕಿರಣವೇ ಬೇಕು ಅಂತ ಇಟ್ಟುಕೊಂಡು ಒಂದು ಲೆಕ್ಕ ಮುಗಿಸೋಣ. 45 ಡಿಗ್ರಿಯಲ್ಲಿ ನಿಂತ ಕನ್ನಡಿ 14 ಮಿ.ಮೀ. ಅಗಲ, ಒಂದಿಷ್ಟು ಅಂಚು ಸೇರಿ 20 ಮಿ.ಮೀ. ಉದ್ದ, 1.5 ಮಿ.ಮೀ. ದಪ್ಪ. ಫ್ಯೂಸ್ಡ್ ಸಿಲಿಕಾ ಗಾಜಾದರೆ 0.92 ಗ್ರಾಂ. ಉದ್ದದ ನಡುಗೆರೆಯ ಸುತ್ತ ತಿರುಗಿದರೆ ಇನರ್ಶಿಯ ಸುಮಾರು 0.15 ಗ್ರಾಂ-ಚದರ ಸೆಂ.ಮೀ. 5 ಮಿ.ಮೀ. ವ್ಯಾಸದ, 25 ಮಿ.ಮೀ. ಉದ್ದದ ನಿಯೋಡೈಮಿಯಂ ರೋಟರಿನದು 0.12. ಎರಡೂ ಹತ್ತಿರ ಹತ್ತಿರ ಇವೆ ಅಲ್ವಾ, ಇದೇ ನಮಗೆ ಬೇಕಾದದ್ದು. ರೋಟರ್ ಕನ್ನಡಿಗಿಂತ ತೀರ ಭಾರ ಆದರೆ ಮೋಟಾರು ತನ್ನನ್ನು ತಾನೇ ತಿರುಗಿಸಿಕೊಂಡು ಸುಸ್ತಾಗುತ್ತದೆ, ತೀರ ಹಗುರ ಆದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಸಾಲದು.

ಈ ಜೋಡಿಯನ್ನು ಅರ್ಧ ಮಿಲಿಸೆಕೆಂಡಿನಲ್ಲಿ 1 ಡಿಗ್ರಿ ತಿರುಗಿಸಿ ನಿಲ್ಲಿಸಬೇಕು. ಮೊದಲ ಅರ್ಧ ಪೂರ್ತಿ ವೇಗ ಹೆಚ್ಚಿಸುವುದು, ಉಳಿದರ್ಧ ಪೂರ್ತಿ ಬ್ರೇಕು. ವೇಗೋತ್ಕರ್ಷ ಚದರ ಸೆಕೆಂಡಿಗೆ 2.8 ಲಕ್ಷ ರೇಡಿಯನ್ ಬರುತ್ತದೆ, ಟಾರ್ಕ್ 7.5 ಮಿಲಿನ್ಯೂಟನ್-ಮೀಟರ್. 1 ಸೆಂ.ಮೀ. ತೋಳಿನ ತುದಿಗೆ 76 ಗ್ರಾಂ ನೇತುಹಾಕಿದಷ್ಟು, ಕೇಳಲು ಅಂಥ ದೊಡ್ಡದಲ್ಲ. ಆದರೆ ಆ ಹೊತ್ತಿನಲ್ಲಿ ಕನ್ನಡಿಯ ಅಂಚಿನ ಮೇಲೆ ಗುರುತ್ವದ 200 ಪಟ್ಟು ಬಲ ಬೀಳುತ್ತಿರುತ್ತದೆ. ಗಾಜು ಬಾಗುತ್ತದೆ. ಕಣ್ಣಿಗೆ ಕಾಣುವಷ್ಟೇನಲ್ಲ, ಬೆಳಕಿನ ತರಂಗಾಂತರದ ಒಂದಿಷ್ಟು ಭಾಗ ಬಾಗಿದರೂ ಚುಕ್ಕೆ ಕೆಟ್ಟುಹೋಗುತ್ತದೆ. ಅದಕ್ಕೇ ಕನ್ನಡಿಯ ಮೂಲೆ ಕತ್ತರಿಸುತ್ತಾರೆ, ಬೆನ್ನಿಗೆ ಏಣುಗಳನ್ನು ಬಿಡುತ್ತಾರೆ, ದುಡ್ಡಿದ್ದವರು ಸಿಲಿಕಾನ್ ಕಾರ್ಬೈಡಿಗೋ ಬೆರಿಲಿಯಮ್ಮಿಗೋ ಹೋಗುತ್ತಾರೆ. ಬೆರಿಲಿಯಂ ಗಾಜಿಗಿಂತ ಹಗುರ, ನಾಲ್ಕು ಪಟ್ಟು ಬಿಗಿ. ಅದರ ಧೂಳು ಮಾತ್ರ ಶ್ವಾಸಕೋಶಕ್ಕೆ ವಿಷ, ನಿಮ್ಮ ಶೆಡ್ಡಿನಲ್ಲಿ ಅದನ್ನು ಉಜ್ಜಲು ಹೋಗಬೇಡಿ.

ಈಗ ಮುಖ್ಯ ಮಾತು. ನಾಳೆ ನಿಮ್ಮ ಮಾರ್ಕೆಟಿಂಗಿನವರು ಬಂದು ಅರ್ಧ ಮಿಲಿಸೆಕೆಂಡ್ ಸಾಲದು, ಕಾಲು ಮಾಡಿ ಅಂತಾರೆ. ಸಮಯ ಅರ್ಧ ಆದರೆ ಟಾರ್ಕ್ 4 ಪಟ್ಟು ಬೇಕು, ಕರೆಂಟ್ 4 ಪಟ್ಟು. ಕಾಯಿಲಿನ ಬಿಸಿ ಕರೆಂಟಿನ ವರ್ಗಕ್ಕೆ ಹೋಗುತ್ತದೆ, ಅಂದರೆ 16 ಪಟ್ಟು! ಚಿಕ್ಕ ಮೋಟಾರು ಸೋಲುವುದು ಟಾರ್ಕಿನಲ್ಲಿ ಅಲ್ಲವೇ ಅಲ್ಲ, ಬಿಸಿಯಲ್ಲಿ. ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು ಶೇ. 0.4 ಏರುತ್ತದೆ, ನಿಯೋಡೈಮಿಯಂ ಅಯಸ್ಕಾಂತ ಡಿಗ್ರಿಗೆ ಶೇ. 0.1ರಷ್ಟು ಸೊರಗುತ್ತದೆ, ಎರಡೂ ಸೇರಿ ಅದೇ ಟಾರ್ಕಿಗೆ ಇನ್ನಷ್ಟು ಬಿಸಿ. ಹಾಗಾಗಿ ಗ್ಯಾಲ್ವೋ ಹಿಡಿಯುವ ಅಲ್ಯೂಮಿನಿಯಂ ಬ್ಲಾಕನ್ನೂ ಡಿಸೈನಿನ ಭಾಗ ಅಂತಲೇ ನೋಡಿ, ಕೊನೆಗೆ ಯಾರೋ ಸೇರಿಸುವ ಬ್ರಾಕೆಟ್ ಅಂತ ಬಿಡಬೇಡಿ.

ಇನ್ನೊಂದು. ಸೆನ್ಸರ್ ಶಾಫ್ಟಿನ ಹಿಂದಿನ ತುದಿಯಲ್ಲಿ, ಕನ್ನಡಿ ಮುಂದಿನ ತುದಿಯಲ್ಲಿ. ನಡುವಿನ ಶಾಫ್ಟ್ ತಿರುಚಿಕೊಳ್ಳುತ್ತದೆ. ಕೆಲವು ಕಿಲೊಹರ್ಟ್ಸಿನಲ್ಲಿ ಅದರ ರೆಸೊನೆನ್ಸ್ ಬರುತ್ತದೆ, ಅಂದರೆ ಸಣ್ಣ ನೂಕಿಗೂ ಜೋರಾಗಿ ಕಂಪಿಸುವ ಆವರ್ತನ. ಸರ್ವೋ (ಸೆನ್ಸರ್ ನೋಡಿ ಮೋಟಾರನ್ನು ತಿದ್ದುತ್ತಿರುವ ಸರ್ಕ್ಯೂಟು) ಅದರ ಹತ್ತಿರ ಹೋದರೆ ಕಿರುಚಾಟ ಶುರು. ನಾಚ್ ಫಿಲ್ಟರ್ ಹಾಕಿ ಆ ಆವರ್ತನವನ್ನು ತಪ್ಪಿಸುತ್ತಾರೆ. ಆದರೆ ಫಿಲ್ಟರಿಗಿಂತ ಗಿಡ್ಡ, ದಪ್ಪ ಶಾಫ್ಟೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಕನ್ನಡಿ ಒಡೆದಿತ್ತು. ಲೋಕಲ್ ಗಾಜಿನವರ ಹತ್ತಿರ 3 ಮಿ.ಮೀ. ಕನ್ನಡಿ ಕತ್ತರಿಸಿ ಅಂಟಿಸಿದೆವು. ಹಳೆಯದು ಒಂದೂವರೆ ಇತ್ತು. ಈಗ ಮೆಷಿನ್ ಆನ್ ಮಾಡಿದರೆ ಕೀ ಅಂತ ಕೂಗುತ್ತದೆ. (ತುಮಕೂರು)

ಉತ್ತರ: ಕೂಗದೆ ಇನ್ನೇನು ಮಾಡೀತು! ದಪ್ಪ ಎರಡು ಪಟ್ಟು, ಇನರ್ಶಿಯವೂ ಎರಡು ಪಟ್ಟು. ಡ್ರೈವರ್ ಬೋರ್ಡು ಹಳೆಯ ಕನ್ನಡಿಗೆ ಟ್ಯೂನ್ ಆಗಿತ್ತು, ಅದರ ನಾಚ್ ಫಿಲ್ಟರ್ ಈಗ ಬೇರೆಲ್ಲೋ ಇದೆ, ರೆಸೊನೆನ್ಸ್ ಕೆಳಗಿಳಿದಿದೆ. ತಕ್ಷಣ ಆಫ್ ಮಾಡಿ, ಕಾಯಿಲ್ ಸುಟ್ಟರೆ ಗ್ಯಾಲ್ವೋನೇ ಹೋಗುತ್ತದೆ. ಅಲ್ಲದೆ ಮಾಮೂಲಿ ಕನ್ನಡಿಯ ಅಲ್ಯೂಮಿನಿಯಂ ಲೇಪ ಫೈಬರ್ ಲೇಸರಿನ ಬೆಳಕಿನಲ್ಲಿ ಶೇ. 5ರ ಆಸುಪಾಸು ನುಂಗುತ್ತದೆ, 20 ವಾಟಿನಲ್ಲಿ 1 ವಾಟ್ ಕನ್ನಡಿಯಲ್ಲೇ ಉಳಿಯುತ್ತದೆ. ಹಿಂಬದಿ ಲೇಪದ ಕನ್ನಡಿ ಹಾಕಿದ್ದರಂತೂ ಗಾಜಿನ ಮುಂಭಾಗದಿಂದ ಒಂದು, ಹಿಂಭಾಗದಿಂದ ಒಂದು, ಎರಡೆರಡು ಕಿರಣ. 1064 ನ್ಯಾನೊಮೀಟರ್, 45 ಡಿಗ್ರಿ ಲೇಪದ ಕನ್ನಡಿ, ಹಳೆಯದರ ಅಳತೆಗೇ, ತರಿಸಿಕೊಳ್ಳಿ. ಅಂಟಿಸುವಾಗ ಅದರ ನಡುಗೆರೆ ಶಾಫ್ಟಿನ ನೇರಕ್ಕೆ ಬರಬೇಕು, ಪಕ್ಕಕ್ಕೆ ಜರುಗಿದರೆ ಬೇರಿಂಗಿಗೆ ಪೆಟ್ಟು.

ಪ್ರಶ್ನೆ: ಎಂ.ಟೆಕ್ ಪ್ರಾಜೆಕ್ಟ್. ಕಿರಣವನ್ನು 0.1 ಡಿಗ್ರಿಯಷ್ಟು ಮಾತ್ರ ಅಲುಗಿಸಬೇಕು, ಆದರೆ ಸೆಕೆಂಡಿಗೆ ಸಾವಿರ ಸಲ. ಗೈಡ್ ಪೀಜೋ ಅಂತಾರೆ, ಸೀನಿಯರ್ ವಾಯ್ಸ್ ಕಾಯಿಲ್ ಅಂತಾರೆ. ಯಾರ ಮಾತು ಕೇಳಲಿ? (ಮಂಗಳೂರು)

ಉತ್ತರ: ಈ ಸಲ ಗೈಡ್ ಮಾತೇ ಕೇಳಿ. ಪೀಜೋ ಅಂದರೆ ವೋಲ್ಟೇಜ್ ಕೊಟ್ಟರೆ ಹಿಗ್ಗುವ ಸೆರಾಮಿಕ್. ಅದರ ಪದರಗಳನ್ನು ಒಂದರ ಮೇಲೊಂದು ಪೇರಿಸಿದ ಸ್ಟ್ಯಾಕಿಗೆ 100–150 ವೋಲ್ಟ್ ಕೊಟ್ಟರೆ ತನ್ನ ಉದ್ದದ ಸಾವಿರದ ಒಂದು ಭಾಗದಷ್ಟು ಉದ್ದವಾಗುತ್ತದೆ. 20 ಮಿ.ಮೀ. ಸ್ಟ್ಯಾಕು 20 ಮೈಕ್ರಾನ್. ಎರಡು ಸ್ಟ್ಯಾಕನ್ನು 10 ಮಿ.ಮೀ. ಅಂತರದಲ್ಲಿ ನಿಲ್ಲಿಸಿ, ಒಂದು ಮೇಲೇಳುವಾಗ ಇನ್ನೊಂದು ಕೆಳಗಿಳಿಯುವಂತೆ ಮಾಡಿದರೆ ಮೇಲಿನ ಕನ್ನಡಿ ನಡುಸ್ಥಾನದ ಎರಡೂ ಕಡೆಗೆ ತಲಾ 2 ಮಿಲಿರೇಡಿಯನ್, ಅಂದರೆ 0.115 ಡಿಗ್ರಿ ವಾಲುತ್ತದೆ. ಕಿರಣ ಅದರ ಎರಡರಷ್ಟು. ನಿಮಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು. ಬೇರಿಂಗ್ ಇಲ್ಲ, ಸವೆತ ಇಲ್ಲ, ತುಂಬ ಬಿಗಿ.

ಆದರೆ ಪೀಜೋಗೆ ಅದರದ್ದೇ ಹಟ ಇದೆ. ಏರುವಾಗ ಒಂದು ದಾರಿ, ಇಳಿಯುವಾಗ ಇನ್ನೊಂದು ದಾರಿ. ಈ ವ್ಯತ್ಯಾಸ ಒಟ್ಟು ಚಲನೆಯ ಶೇ. 10–15 ಇರಬಹುದು. ವೋಲ್ಟೇಜ್ ನಿಲ್ಲಿಸಿದ ಮೇಲೂ ಮೆಲ್ಲಗೆ ತೆವಳುತ್ತಿರುತ್ತದೆ. ಹಾಗಾಗಿ ಸ್ಟ್ರೇನ್ ಗೇಜೋ ಕೆಪ್ಯಾಸಿಟಿವ್ ಸೆನ್ಸರೋ ಹಾಕಿ ಲೂಪ್ ಮುಚ್ಚಲೇಬೇಕು, ಅಂದರೆ ಚಲನೆ ಅಳೆದು ವೋಲ್ಟೇಜ್ ತಿದ್ದುತ್ತಲೇ ಇರಬೇಕು. ಎಳೆದರೆ ಸೆರಾಮಿಕ್ ಸೀಳುತ್ತದೆ, ಸ್ಪ್ರಿಂಗಿನಿಂದ ಮೊದಲೇ ಒತ್ತಿ ಹಿಡಿದಿರಬೇಕು. ಆಂಪ್ಲಿಫಯರ್ ಬಗ್ಗೆ ಯಾರೂ ಮೊದಲು ಹೇಳುವುದಿಲ್ಲ, ನಾನು ಹೇಳುತ್ತೇನೆ: ಸ್ಟ್ಯಾಕು ಒಂದು ಕೆಪ್ಯಾಸಿಟರ್. 1.5 ಮೈಕ್ರೊಫ್ಯಾರಡ್ ಇದ್ದು ಸೊನ್ನೆಗೂ 100 ವೋಲ್ಟಿಗೂ ನಡುವೆ ಸಾವಿರ ಹರ್ಟ್ಸಿನಲ್ಲಿ ಓಡಿಸಿದರೆ ಶಿಖರದಲ್ಲಿ ಸುಮಾರು ಅರ್ಧ ಆಂಪಿಯರ್ ಬೇಕು. ಸಾಮಾನ್ಯ ಲ್ಯಾಬ್ ಆಂಪ್ಲಿಫಯರ್ ಅಲ್ಲಿ ಕೈಕೊಡುತ್ತದೆ. ಮತ್ತೆ ನಿಮ್ಮದು ಮಂಗಳೂರು. ತೇವದ ಗಾಳಿಯಲ್ಲಿ ಸ್ಟ್ಯಾಕಿನ ಮೇಲೆ ದಿನಗಟ್ಟಲೆ ಡಿಸಿ ವೋಲ್ಟೇಜ್ ಬಿಟ್ಟರೆ ಪದರಗಳ ನಡುವೆ ಕರೆಂಟ್ ಸೋರಲು ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ವೋಲ್ಟೇಜ್ ಇಳಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ.

ಸೀನಿಯರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. 1 ಡಿಗ್ರಿ ಬೇಕಿದ್ದರೆ ವಾಯ್ಸ್ ಕಾಯಿಲ್ಲೇ ಗತಿ. ಅಲ್ಲಿ ಕನ್ನಡಿ ಫ್ಲೆಕ್ಷರಿನ, ಅಂದರೆ ಬಾಗುವ ತೆಳು ಲೋಹದ ಪಟ್ಟಿಯ ಮೇಲೆ ನಿಂತಿರುತ್ತದೆ, ಸುತ್ತ ನಾಲ್ಕು ಕಾಯಿಲ್ ಎಳೆದು ತಳ್ಳುತ್ತವೆ. ಅದನ್ನು ಹಗುರವಾದ ಸ್ಟ್ಯಾಂಡಿಗೆ ಕಟ್ಟಿದರೆ ಕನ್ನಡಿ ಅತ್ತ ಹೋದಾಗ ಸ್ಟ್ಯಾಂಡು ಇತ್ತ ಬರುತ್ತದೆ, ಅದನ್ನು ಮರೆಯಬೇಡಿ.

ಪ್ರಶ್ನೆ: ಬಯಾಲಜಿ ಲ್ಯಾಬಿನಲ್ಲಿ ಟೂ-ಫೋಟಾನ್ ಮೈಕ್ರೊಸ್ಕೋಪ್ ಬಳಸುತ್ತೇನೆ. ರೆಸೊನೆಂಟ್ ಸ್ಕ್ಯಾನರಿಗೆ ಬದಲಾಯಿಸಿದರೆ ಚಿತ್ರದ ಎಡ ಬಲ ಅಂಚುಗಳು ಎಳೆದಂತೆ ಬರುತ್ತವೆ, ಅಂಚಿನ ಕೋಶಗಳು ಬೇಗ ಮಂಕಾಗುತ್ತವೆ. (ಬೆಂಗಳೂರು)

ಉತ್ತರ: ರೆಸೊನೆಂಟ್ ಸ್ಕ್ಯಾನರ್ ಉಯ್ಯಾಲೆ ಇದ್ದ ಹಾಗೆ. ತನ್ನದೇ ಲಯದಲ್ಲಿ ಆಡುತ್ತದೆ, ನಾವು ಸರಿಯಾದ ಹೊತ್ತಿಗೆ ಒಂದೊಂದು ನೂಕು ಕೊಟ್ಟರೆ ಸಾಕು. ಸಾಮಾನ್ಯವಾಗಿ ಬಳಸುವುದು 8 ಕಿಲೊಹರ್ಟ್ಸಿನದ್ದು. ಹೋಗುವಾಗ ಒಂದು ಸಾಲು, ಬರುವಾಗ ಒಂದು, ಸೆಕೆಂಡಿಗೆ 16,000 ಸಾಲು. 512 ಸಾಲಿನ ಚಿತ್ರವಾದರೆ ಸೆಕೆಂಡಿಗೆ ಸುಮಾರು 31. ±5 ಡಿಗ್ರಿ ಆಡುತ್ತಿದ್ದರೆ ತುದಿಯಲ್ಲಿ ವೇಗೋತ್ಕರ್ಷ 22 ಕೋಟಿ, ಹುಬ್ಬಳ್ಳಿಯವರಿಗೆ ಹಾಕಿಕೊಟ್ಟ ಗ್ಯಾಲ್ವೋ ಲೆಕ್ಕದ ಸುಮಾರು 800 ಪಟ್ಟು. ಕಾಯಿಲಿನಿಂದ ಇಷ್ಟು ಬಲ ತೆಗೆಯಲು ಸಾಧ್ಯವೇ ಇಲ್ಲ, ಸ್ಪ್ರಿಂಗೇ ಅದನ್ನೆಲ್ಲ ಕೊಡುತ್ತದೆ. ಬದಲಿಗೆ ಆವರ್ತನ ನಿಮ್ಮ ಮಾತು ಕೇಳುವುದಿಲ್ಲ, ಕನ್ನಡಿಯನ್ನು ಒಂದು ಜಾಗದಲ್ಲಿ ನಿಲ್ಲಿಸಲೂ ಆಗುವುದಿಲ್ಲ.

ನಡುವೆ ಅತಿ ವೇಗ, ತುದಿಗೆ ಬಂದಾಗ ನಿಂತು ತಿರುಗುತ್ತದೆ. ಸಮಾನ ಅಂತರದಲ್ಲಿ ಪಿಕ್ಸೆಲ್ ತೆಗೆದರೆ ತುದಿಯಲ್ಲಿ ಒಂದೇ ಜಾಗವನ್ನು ಹತ್ತಾರು ಸಲ ತೆಗೆದಂತಾಗಿ ಚಿತ್ರ ಎಳೆಯುತ್ತದೆ. ಸಾಫ್ಟ್‌ವೇರಿನಲ್ಲಿ ಸೈನ್ ಕರೆಕ್ಷನ್ ಎಂಬ ಆಯ್ಕೆ ಇರಬೇಕು, ಹುಡುಕಿ. ಮಂಕಾಗುವುದಕ್ಕೂ ಅದೇ ಕಾರಣ, ಅಂಚಿನಲ್ಲಿ ಕಿರಣ ಜಾಸ್ತಿ ಹೊತ್ತು ನಿಲ್ಲುತ್ತದೆ. ತುದಿಗಳಲ್ಲಿ ಲೇಸರನ್ನು ಪಾಕೆಲ್ಸ್ ಸೆಲ್ಲಿನಿಂದ (ಬೆಳಕನ್ನು ಕ್ಷಣಾರ್ಧದಲ್ಲಿ ತಡೆದು ಬಿಡುವ ಶಟರಿನಂಥದ್ದು) ಮುಚ್ಚಿಸಿ, ನಡುವಿನ ಭಾಗ ಮಾತ್ರ ಬಳಸಿ.

ಪ್ರಶ್ನೆ: ಮಗಳಿಗೆ ಲೇಸಿಕ್ ಮಾಡಿಸಬೇಕು ಅಂತಿದ್ದೇವೆ. ಆಪರೇಷನ್ ನಡುವೆ ಕಣ್ಣು ಅಲ್ಲಾಡಿದರೆ ಲೇಸರ್ ಬೇರೆ ಕಡೆ ಬೀಳಲ್ವಾ? (ದಾವಣಗೆರೆ)

ಉತ್ತರ: ಅಮ್ಮಾ, ಕಣ್ಣು ಅಲ್ಲಾಡೇ ಅಲ್ಲಾಡುತ್ತದೆ, ಅದು ಡಾಕ್ಟರಿಗೆ ಗೊತ್ತಿರುತ್ತದೆ. ಕಾರ್ನಿಯಾದ ಆಕಾರ ತಿದ್ದುವ ಎಕ್ಸೈಮರ್ ಲೇಸರ್ 193 ನ್ಯಾನೊಮೀಟರಿನದು. ಒಂದು ಪಲ್ಸಿಗೆ ಕಾಲು ಮೈಕ್ರಾನಿನ ಆಸುಪಾಸು ಮಾತ್ರ ತೆಗೆಯುತ್ತದೆ, ತಲೆಕೂದಲಿನ ದಪ್ಪದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಈಗಿನ ಮೆಷಿನ್‌ಗಳಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಪಾಪೆಯನ್ನು ನೋಡುತ್ತಲೇ ಇರುತ್ತದೆ, ಕಣ್ಣು ಎತ್ತ ಜರುಗಿತೋ ಅತ್ತ ಕನ್ನಡಿಗಳು ಕಿರಣವನ್ನು ಜರುಗಿಸುತ್ತವೆ. ತೀರ ಆಚೆ ಹೋದರೆ ಲೇಸರ್ ತಾನಾಗಿ ನಿಲ್ಲುತ್ತದೆ. ನೀವು ಡಾಕ್ಟರನ್ನು ಕೇಳಬೇಕಾದ್ದು ಕಾರ್ನಿಯಾ ಎಷ್ಟು ದಪ್ಪ ಇದೆ, ಪವರ್ ಸ್ಥಿರವಾಗಿದೆಯಾ, ಕಣ್ಣು ಒಣಗುವ ತೊಂದರೆ ಇದೆಯಾ ಅಂತ. ಅದನ್ನು ಅವರೇ ಹೇಳಬೇಕು, ನಾನಲ್ಲ.

ಪ್ರಶ್ನೆ: ದೊಡ್ಡ ಟೆಲಿಸ್ಕೋಪುಗಳಲ್ಲೂ ಇಂಥ ಕನ್ನಡಿ ಇರುತ್ತದಾ? ನಮ್ಮಲ್ಲಿ ಅಂಥ ಕೆಲಸ ಯಾರಾದರೂ ಮಾಡುತ್ತಾರಾ? (ಕೋಲಾರ)

ಉತ್ತರ: ಇರುತ್ತದೆ. ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪಿನೊಳಗೂ ಚಿತ್ರ ಅಲುಗದಂತೆ ಹಿಡಿಯುವ ಸಣ್ಣ ಸ್ಟೀರಿಂಗ್ ಕನ್ನಡಿ ಇದೆ. ಎರಡನೆಯದಕ್ಕೆ ಉತ್ತರ ನಿಮ್ಮ ಪಕ್ಕದಲ್ಲೇ ಇದೆ. ಯೋಜನೆಯ ಹಂತದಲ್ಲಿರುವ ಟಿಎಂಟಿ, ಅಂದರೆ ಥರ್ಟಿ ಮೀಟರ್ ಟೆಲಿಸ್ಕೋಪಿನ ಮುಖ್ಯ ಕನ್ನಡಿಯಲ್ಲಿ 492 ತುಣುಕು, ತುಣುಕಿಗೆ ಅದನ್ನು ಜರುಗಿಸುವ 3 ಆಕ್ಚುಯೇಟರ್. ಆಕ್ಚುಯೇಟರ್ ಮತ್ತು ಅಂಚಿನ ಸೆನ್ಸರುಗಳು ಭಾರತದ ಪಾಲಿನ ಕೆಲಸ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅದರ ಮುಂದಾಳು, ಹೊಸಕೋಟೆಯ ಅವರ ಕ್ಯಾಂಪಸ್ಸಿನಲ್ಲಿ ಕನ್ನಡಿ ತುಣುಕುಗಳಿಗೆ ಪಾಲಿಷ್ ಮಾಡುವ ಘಟಕ ಇದೆ. ಅಲ್ಲಿ ಓಟ ಬೇಕಿಲ್ಲ, ನ್ಯಾನೊಮೀಟರ್ ಲೆಕ್ಕದ ನಿಧಾನದ ಚಲನೆ ಬೇಕು.

ಪ್ರಶ್ನೆ: ಇಷ್ಟೆಲ್ಲ ತಾಪತ್ರಯ ಯಾಕೆ? ಸಿಲಿಕಾನ್ ಚಿಪ್ಪಿನ ಮೇಲೆಯೇ ಕನ್ನಡಿ ಬಂದಿದೆಯಂತಲ್ಲ? (ಶಿವಮೊಗ್ಗ)

ಉತ್ತರ: ಬಂದು ಬಹಳ ಕಾಲ ಆಯಿತು. 1980ರಲ್ಲೇ ಐಬಿಎಂನ ಕರ್ಟ್ ಪೀಟರ್ಸನ್ ಸಿಲಿಕಾನಿನಲ್ಲಿ ತಿರುಚುವ ಸ್ಕ್ಯಾನಿಂಗ್ ಕನ್ನಡಿ ತೋರಿಸಿದ್ದರು. ಅಲ್ಲೂ ಹುಬ್ಬಳ್ಳಿಯ ಲೆಕ್ಕವೇ. 1 ಮಿ.ಮೀ. ಕನ್ನಡಿ ಅಂದರೆ ಇನರ್ಶಿಯ ಏನೂ ಇಲ್ಲ, ಓಟ ಭರ್ಜರಿ. ಆದರೆ ಅಷ್ಟು ಸಣ್ಣ ಕಿರಣ ನಮ್ಮ 160 ಮಿ.ಮೀ. ಲೆನ್ಸಿನ ಕೆಳಗೆ 0.2 ಮಿ.ಮೀ. ಚುಕ್ಕೆ ಬೀಳಿಸುತ್ತದೆ, 20 ವಾಟ್ ಬಿಸಿಯನ್ನು ಆ ತೆಳು ಸಿಲಿಕಾನ್ ತಡೆಯುವುದೂ ಕಷ್ಟ. ಪುಟ್ಟ ಪ್ರೊಜೆಕ್ಟರಿಗೆ, ಲೇಸರಿನಿಂದ ದೂರ ಅಳೆಯುವ ಲೈಡಾರಿಗೆ ಸರಿ. ಸ್ಟೀಲಿನ ಮೇಲೆ ನಂಬರ್ ಹೊಡೆಯಲು ಗ್ಯಾಲ್ವೋ ಬೇಕು.

ಪ್ರಶ್ನೆ: ದಿನವಿಡೀ ಒಂದೇ ಸಣ್ಣ ಲೋಗೋ ಹೊಡೆಯುತ್ತೇವೆ. ಬೇರಿಂಗ್ ಬೇಗ ಹೋಗುತ್ತದೆ ಅಂತಾರೆ, ನಿಜವಾ? (ಬೆಳಗಾವಿ)

ಉತ್ತರ: ನಿಜ. ಬಾಲ್ ಬೇರಿಂಗ್ ಒಂದು ಡಿಗ್ರಿಯಷ್ಟೇ ಅತ್ತಿತ್ತ ಉಜ್ಜುತ್ತಿದ್ದರೆ ಗ್ರೀಸ್ ಪಕ್ಕಕ್ಕೆ ಸರಿದು ಗುಂಡು ಕೂತ ಜಾಗದಲ್ಲೇ ಗುಳಿ ಬೀಳುತ್ತದೆ. ಆಗಾಗ, ಅಂದರೆ ಕೆಲಸದ ನಡುವೆ ಪ್ಲೇಟ್ ಬದಲಾಯಿಸುವಾಗ, ಲೇಸರ್ ಆಫ್ ಇಟ್ಟು ಕನ್ನಡಿಯನ್ನು ಪೂರ್ತಿ ಕೋನಕ್ಕೆ ಒಂದೆರಡು ಸಲ ಓಡಿಸಿ. ಗ್ರೀಸ್ ಮತ್ತೆ ಹರಡಿಕೊಳ್ಳುತ್ತದೆ.

ಪ್ರಶ್ನೆ: ಹಳೆಯ ಹಾರ್ಡ್ ಡಿಸ್ಕಿನಿಂದ ಮನೆಯಲ್ಲೇ ಸ್ಕ್ಯಾನರ್ ಮಾಡಬಹುದು ಅಂತ ಕೇಳಿದೆ. ನಾನು ಪಿಯುಸಿ. (ಚಿತ್ರದುರ್ಗ)

ಉತ್ತರ: ಮಾಡಬಹುದು, ಮಾಡು. ಹಾರ್ಡ್ ಡಿಸ್ಕಿನ ತೋಳನ್ನು ತಿರುಗಿಸುವುದು ಒಳ್ಳೆಯ ವಾಯ್ಸ್ ಕಾಯಿಲ್ಲೇ: ಮೇಲೆ ಕೆಳಗೆ ಎರಡು ಬಲವಾದ ಅಯಸ್ಕಾಂತ, ನಡುವೆ ಚಪ್ಪಟೆ ಕಾಯಿಲ್, ಅತ್ಯುತ್ತಮ ಬೇರಿಂಗ್. ಬೆಂಗಳೂರಿಗೆ ಬಂದರೆ ಎಸ್‌ಪಿ ರೋಡಿನಲ್ಲಿ ಕೆಟ್ಟ ಡಿಸ್ಕು ಕೇಳಿ ನೋಡು. ಅಯಸ್ಕಾಂತದ ನಡುವೆ ಬೆರಳು ಸಿಕ್ಕಿಸಿಕೊಳ್ಳಬೇಡ, ಚರ್ಮ ಕಿತ್ತುಬರುತ್ತದೆ. ತೋಳಿನ ಮುಂದಿನ ಉದ್ದ ಭಾಗ ಕತ್ತರಿಸಿ ಬಿಸಾಡು, ಇನರ್ಶಿಯ ಇರುವುದೇ ಅಲ್ಲಿ. ಕನ್ನಡಿಯನ್ನು ತಿರುಗುವ ನಡುಗೂಟದ ಮೇಲೆಯೇ ನಿಲ್ಲಿಸು. ಮುಂಬದಿ ಲೇಪದ ಕನ್ನಡಿ ಹಳೆಯ ಫ್ಲ್ಯಾಟ್‌ಬೆಡ್ ಸ್ಕ್ಯಾನರಿನಲ್ಲಿ ಸಿಗುತ್ತದೆ. ಡಿಸ್ಕಿನ ತಟ್ಟೆಯೂ ಹೊಳೆಯುತ್ತದೆ, ಆದರೆ ಲ್ಯಾಪ್‌ಟಾಪ್ ಡಿಸ್ಕಿನದಾದರೆ ಗಾಜಿನದಿರಬಹುದು, ಕತ್ತರಿಸಲು ಹೋದರೆ ಚೂರುಚೂರಾಗಿ ಸಿಡಿಯುತ್ತದೆ.

ಕಾಯಿಲನ್ನು ಸಣ್ಣ ಆಡಿಯೊ ಆಂಪ್ಲಿಫಯರಿಗೆ ಜೋಡಿಸಿ ಹಾಡು ಹಾಕಿದರೆ ಗೋಡೆಯ ಮೇಲೆ ಗೆರೆ ಕುಣಿಯುತ್ತದೆ. ಎರಡು ಜೋಡಿಸಿದರೆ ಸುರುಳಿಗಳು. ಇಷ್ಟಕ್ಕೇ ಖುಷಿಯಾದರೆ ಅಲ್ಲಿಗೆ ನಿಲ್ಲಿಸು. ಚೌಕ ಬರೆಯಬೇಕು ಅನ್ನಿಸಿದರೆ ಕನ್ನಡಿ ನಡುವಿಗೆ ಬರಲು ಒಂದು ತೆಳು ಸ್ಪ್ರಿಂಗ್, ಆಮೇಲೆ ಹಾಸನದವರಿಗೆ ಹೇಳಿದ ಎಲ್‌ಇಡಿ, ರೆಕ್ಕೆ, ಫೋಟೊಡಯೋಡ್. ನಿನಗೆ ನಾಲ್ಕು ಬೇಡ, ಎರಡು ಡಯೋಡ್ ಸಾಕು, ಅವುಗಳ ವ್ಯತ್ಯಾಸವನ್ನು ಒಂದು ಆಪ್-ಆಂಪಿಗೆ (ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಚಿಪ್ಪು) ಕೊಡು. ಲೇಸರ್ 5 ಮಿಲಿವಾಟಿಗಿಂತ ಕಮ್ಮಿಯ ಕೆಂಪು ಪಾಯಿಂಟರ್ ಮಾತ್ರ. ಆನ್‌ಲೈನಿನಲ್ಲಿ ಸಿಗುವ ಮರ ಸುಡುವ ನೀಲಿ ಮಾಡ್ಯೂಲ್ ಹಾಕಲೇಬೇಡ, ಕನ್ನಡಿ ಎಲ್ಲಾದರೂ ಸಿಕ್ಕಿಕೊಂಡು ನಿಂತರೆ ಪೂರ್ತಿ ಕಿರಣ ಒಂದೇ ಕಡೆ ನಿಲ್ಲುತ್ತದೆ. ಮತ್ತೆ ಆಂಪ್ಲಿಫಯರಿಗೂ ಕಾಯಿಲಿಗೂ ನಡುವೆ ಒಂದು ಸಣ್ಣ ಫ್ಯೂಸ್ ಹಾಕು.